ಹೊಟ್ಟೆಯ ಮೇಲಿನ ಬಾಯಿ

ಯಜಮಾನರ ಹೊಟ್ಟೆಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ದುಂಡನೆಯ ಗುರುತು ಹಾಕುವುದರಿಂದ ನನ್ನ ಕೆಲಸ ಶುರುವಾಯಿತು. ಅವರಿಗೆ ಮೂತ್ರಕೋಶದ ಕ್ಯಾನ್ಸರ್. ಮೂತ್ರಕೋಶವನ್ನೇ ಪೂರ್ತಿ ತೆಗೆದುಹಾಕಿ, ಸಣ್ಣ ಕರುಳಿನ ಒಂದು ತುಂಡನ್ನು ಬೇರ್ಪಡಿಸಿ, ಕಿಡ್ನಿಯಿಂದ ಬರುವ ಎರಡೂ ನಾಳಗಳನ್ನು ಅದಕ್ಕೆ ಹೊಲಿದು, ಆ ತುಂಡಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತರುವ ಆಪರೇಷನ್ನು ಮರುದಿನಕ್ಕೆ ಗೊತ್ತಾಗಿತ್ತು. ಅಲ್ಲಿಂದ ಮುಂದೆ ಮೂತ್ರ ಹೊರಬರುವುದು ಆ ತುದಿಯಿಂದ, ಅದರ ಸುತ್ತ ಅಂಟಿಸಿದ ಬ್ಯಾಗಿಗೆ. ಹಾಸನದ ನಮ್ಮ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆ ಜಾಗ ಗುರುತಿಸುವುದು, ಬ್ಯಾಗು ಹಾಕುವುದು, ಹಾಕಿಕೊಳ್ಳುವುದನ್ನು ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಗುರುತು ಹಾಕುವುದೆಂದರೆ ಚುಕ್ಕಿ ಇಟ್ಟು ಬಂದುಬಿಡುವುದಲ್ಲ. ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಮಲಗಿದಾಗ ಮಣೆಯಂತೆ ಸಪಾಟಾಗಿರುವ ಹೊಟ್ಟೆ ಕೂತ ತಕ್ಷಣ ಮಡಿಕೆ ಮಡಿಕೆಯಾಗುತ್ತದೆ. ಮಡಿಕೆಯ ಒಳಗೆ ತೂತು ಬಂದರೆ ಬ್ಯಾಗು ಅಂಟುವುದಿಲ್ಲ, ಸೋರುತ್ತದೆ. ಸೋರಿದರೆ ಚರ್ಮ ಬೆಂದುಹೋಗುತ್ತದೆ. ಸೊಂಟದ ಮೂಳೆ ಬಿಡಬೇಕು, ಪಂಚೆ ಕಟ್ಟುವ ಜಾಗ ಬಿಡಬೇಕು, ರೋಗಿ ತಲೆ ಬಗ್ಗಿಸಿದರೆ ಅದು ಅವನ ಕಣ್ಣಿಗೆ ಬೀಳಬೇಕು. ಯಜಮಾನರ ಸೊಂಟದಲ್ಲಿ ಕಪ್ಪು ಉಡುದಾರ ಇತ್ತು. ಹುಟ್ಟಿದಾಗಿನಿಂದ ಕಟ್ಟಿಕೊಂಡು ಬಂದದ್ದಕ್ಕೆ ಚರ್ಮದಲ್ಲಿ ಒಂದು ಗೆರೆಯೇ ಬಿದ್ದಿತ್ತು. ಗೆರೆ ತಪ್ಪಿಸಿ, ಹೊಕ್ಕುಳಿನ ಕೆಳಗೆ ಬಲಕ್ಕೆ ಜಾಗ ಹುಡುಕಿದೆ.

"ಇಲ್ಲಿ ಒಂದು ಸಣ್ಣ ಬಾಯಿ ಮಾಡ್ತಾರೆ ಯಜಮಾನ್ರೇ," ಅಂದೆ. ಸ್ಟೋಮಾ ಅಂದರೆ ಯಾರಿಗೂ ತಿಳಿಯುವುದಿಲ್ಲ. ಗಾಯಕ್ಕೂ ಬಾಯಿ ಅನ್ನುತ್ತೇವೆ, ಮೂಟೆಗೂ ಬಾಯಿ ಅನ್ನುತ್ತೇವೆ. ಹಾಗಾಗಿ ನಾನು ಯಾವಾಗಲೂ ಬಾಯಿ ಅಂತಲೇ ಹೇಳುವುದು.

ಅವರು ಹುಬ್ಬೇರಿಸಿದರು. "ಬಾಯಾ? ಯಾರ್ ಬಾಯವ್ವ?"

"ನಿಮ್ದೇ. ಮಾತಾಡಲ್ಲ, ಹೆದರ್ಬೇಡಿ," ಎಂದು ನಕ್ಕೆ. ನನ್ನ ಬಾಯಿ ಸ್ವಲ್ಪ ಜೋರು. ವಾರ್ಡಿನಲ್ಲಿ ರೋಗಿಗಳನ್ನು ಗೇಲಿ ಮಾಡಿಯೇ ಅರ್ಧ ಭಯ ಬಿಡಿಸುತ್ತೇನೆ ಅನ್ನುವ ಜಂಬ ಬೇರೆ.

ಅವರು ನಗಲಿಲ್ಲ. ಉಡುದಾರದ ಮೇಲೆ ಕೈ ಇಟ್ಟುಕೊಂಡು, "ಇದನ್ ಮಾತ್ರ ಮುಟ್ಬ್ಯಾಡಿ ಕಣವ್ವ. ಅಳೇದ್ ಸವುದ್ರೆ ಒಸಾದ್ ಕಟ್ಕಂಡು ಆಮ್ಯಾಕೆ ಅಳೇದ್ ಕತ್ತರಿಸ್ತೀವಿ. ಸೊಂಟ ಒಂದ್ ಗಳಿಗೆನೂ ಬರಿದಾಗಿರ್ಬಾರ್ದು. ಬರಿದಾಗೋದು ಒಂದೇ ಸಲ," ಅಂದರು.

ಆ ಒಂದು ಸಲ ಯಾವಾಗ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸು ಸತ್ತಾಗ ಸ್ನಾನ ಮಾಡಿಸಿ ಉಡುದಾರ ಕತ್ತರಿಸುತ್ತಾರೆ, ಯಾವ ಕಟ್ಟೂ ಇಲ್ಲದೆ ಹೋಗಲಿ ಅಂತ. ಅವರ ಹೆಂಡತಿ ಆಮೇಲೆ ಕಾರಿಡಾರಿನಲ್ಲಿ ಹೇಳಿದರು: ಯಜಮಾನರದು ಅರಕಲಗೂಡಿನಲ್ಲಿ ಲಾರಿ ಟೈರುಗಳಿಗೆ ಹೊಸ ರಬ್ಬರು ಹಾಕಿಕೊಡುವ ಅಂಗಡಿ. ಆದರೆ ಅವರ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿಕಳಿಸುವುದು ಅವರಿಗೇ. ಕಣ್ಣು ಮುಚ್ಚಿಸುವುದು, ಮೈ ತೊಳೆಯುವುದು, ಕೊನೆಗೆ ಆ ದಾರ ಕತ್ತರಿಸುವುದು ಎಲ್ಲ ಅವರದೇ ಕೈ. "ಅಸಯ್ಯ ಪಡಾಕಿಲ್ಲ ನಮ್ ಯಜಮಾನ್ರು. ಅದ್ಕೇ ಜನ ಕರೀತಾರೆ," ಎಂದು ಆಕೆ ಒಂದಿಷ್ಟು ಹೆಮ್ಮೆಯಿಂದಲೇ ಅಂದರು.

ಆಪರೇಷನ್ ದಿನ ಬೆಳಿಗ್ಗೆ ನಾನು ಉಡುದಾರವನ್ನು ಎದೆಯ ತನಕ ಮೇಲಕ್ಕೆ ಸರಿಸಿ ಟೇಪು ಅಂಟಿಸಿ ಕಳಿಸಿದೆ. ಥಿಯೇಟರಿನಲ್ಲಿ ಎದೆಯಿಂದ ತೊಡೆಯವರೆಗೂ ಔಷಧಿ ಹಚ್ಚಿ ಶುದ್ಧ ಮಾಡಬೇಕು. ಮಧ್ಯೆ ಒಂದು ಹಳೆಯ ದಾರ ಇಟ್ಟುಕೊಂಡು ಅಷ್ಟು ದೊಡ್ಡ ಹೊಟ್ಟೆ ತೆರೆಯಲು ಆಗುವುದಿಲ್ಲ. ಅರಿವಳಿಕೆ ಕೊಟ್ಟ ಮೇಲೆ ಯಾರೋ ಅದನ್ನು ಕತ್ತರಿಸಿದರು. ಅದು ಅಲ್ಲಿನ ಪದ್ಧತಿ, ತಪ್ಪು ಅನ್ನಲಾರೆ. ಆದರೆ ಯಜಮಾನರ ಮಟ್ಟಿಗೆ ಅವರು ಮೇಜಿನ ಮೇಲೆ ಕಣ್ಣು ಮುಚ್ಚಿದ್ದು ದಾರ ಇದ್ದಾಗ, ಕಣ್ಣು ಬಿಟ್ಟದ್ದು ದಾರ ಇಲ್ಲದೆ.

ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಮೊದಲು ಸ್ಟೋಮಾ ನೋಡಿದೆ. ಕೆಂಪಗೆ, ಒದ್ದೆಯಾಗಿ, ನಮ್ಮ ಕೆನ್ನೆಯ ಒಳಭಾಗದ ಹಾಗಿರಬೇಕು. ಕಪ್ಪಗಾದರೆ ರಕ್ತ ಹರಿಯುತ್ತಿಲ್ಲ ಅಂತ ಅರ್ಥ. ಅದು ಚೆನ್ನಾಗಿಯೇ ಇತ್ತು. ಒಳಗಿನ ಹೊಲಿಗೆ ಮಾಯುವವರೆಗೆ ಇಡುವ ಎರಡು ತೆಳ್ಳನೆಯ ನಳಿಗಳು ಅದರಿಂದ ಹೊರಬಂದು ಬ್ಯಾಗಿನೊಳಗೆ ಇಳಿದಿದ್ದವು. ಮೂತ್ರ ತೊಟ್ಟಿಕ್ಕುತ್ತಿತ್ತು. ಕರುಳಿನ ತುಂಡು ತಾನು ಕರುಳು ಅನ್ನುವುದನ್ನು ಮರೆಯದೆ ಲೋಳೆ ಬಿಡುತ್ತದೆ. ಬಿಳಿಯ ಎಳೆ ಎಳೆ ಲೋಳೆ ಮೂತ್ರದಲ್ಲಿ ತೇಲುತ್ತಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡೆ.

"ಮುಟ್ಟಿದ್ರಾ?" ಅಂದರು ಯಜಮಾನರು. ಕಣ್ಣು ಚಾವಣಿಯ ಮೇಲೆ.

"ಮುಟ್ಟದೆ ಹೇಗೆ ನೋಡ್ಲಿ ಯಜಮಾನ್ರೇ?"

"ಮನೆಗೋದೇಟ್ಗೆ ತಲೆ ಮ್ಯಾಲೆ ನೀರುಯ್ಕಳಿ. ಮರೀಬ್ಯಾಡಿ ಮತ್ತೆ."

ಆಸ್ಪತ್ರೆಯ ಕೊಳೆ ಅಂತ ಹೇಳುತ್ತಿದ್ದಾರೆ ಅಂದುಕೊಂಡು, "ನಮ್ಮ ಯಜಮಾನ್ರೂ ಇಷ್ಟು ಕಾಳಜಿ ಮಾಡಲ್ಲ ಬಿಡಿ," ಅಂತ ತಮಾಷೆ ಮಾಡಿದೆ. ಆದರೆ ಅವರು ಅದೇ ಮಾತನ್ನು ಡಾಕ್ಟರಿಗೂ ಹೇಳಿದರು, ಕಸ ಗುಡಿಸಲು ಬಂದವಳಿಗೂ ಹೇಳಿದರು. ನಾನು ಗಂಜಿ ಹಿಡಿದರೆ ತುಟಿ ಬಿಗಿ ಹಿಡಿದರು. ಎರಡೂ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಇಟ್ಟುಕೊಂಡಿದ್ದರು. ಸ್ಪಂಜ್ ಬಾತ್ ಮಾಡುವಾಗ ನಾನು ಕಾಲು ಅಗಲಿಸಿದರೆ, ಬಟ್ಟೆ ಹೊದಿಸುವಷ್ಟರಲ್ಲಿ ಹೆಬ್ಬೆರಳುಗಳು ಮತ್ತೆ ಒಂದಕ್ಕೊಂದು ತಾಗಿರುತ್ತಿದ್ದವು. ಹೆಣದ ಹೆಬ್ಬೆರಳು ಕಟ್ಟುವುದನ್ನು ನೋಡದವರು ಯಾರಿದ್ದಾರೆ?

"ಏನಾಗಿದೆ ಯಜಮಾನ್ರೇ? ಬಾಯಿ ಬಿಟ್ಟು ಹೇಳಿ," ಅಂದೆ.

ಟೈರಿನಲ್ಲಿ ಗಾಳಿ ಹೋಗುವ ಜಾಗ ತೋರಿಸುವವರ ಹಾಗೆ ಶಾಂತವಾಗಿ ಹೇಳಿದರು. "ಸೊಂಟ ಬರಿದಾಗದೆ, ನೋಡಿ. ಉಚ್ಚೆ ತಾನಾಗೇ ಓಯ್ತಾ ಅದೆ. ಬದುಕಿರೋನು ಇಡ್ಕತಾನೆ ಕಣವ್ವ. ಸತ್ತೋನ್ ಮೈ ಬುಟ್ಬುಡ್ತದೆ. ನಾನೇನ್ ಒಬ್ರಿಬ್ರ್ನ ತೊಳ್ದಿದ್ದೀನಾ?"

"ನಿಮ್ಮ ಮೂತ್ರಕೋಶ ತೆಗೆದಿದ್ದಾರೆ, ಹಿಡಿದಿಟ್ಕೊಳ್ಳೋಕೆ ಒಳಗೆ ಚೀಲ ಇಲ್ಲ. ಅದಕ್ಕೇ ತಾನಾಗೇ ಬರೋದು."

"ಅದೇ ಕಣವ್ವ ನಾನೂ ಏಳ್ತಿರೋದು," ಅಂದರು.

ದೊಡ್ಡ ಆಪರೇಷನ್ ಆದ ಮೇಲೆ ಮನಸ್ಸು ಕಲಸಿಹೋಗುವುದು ನಮಗೆ ಹೊಸದಲ್ಲ. ಸರ್ಜನ್ ರಕ್ತದ ಲವಣಗಳನ್ನೆಲ್ಲ ನೋಡಿದರು. ಕರುಳಿನ ತುಂಡು ಮೂತ್ರದಿಂದ ಕೆಲವು ಲವಣಗಳನ್ನು ವಾಪಸ್ ಹೀರಿ ರಕ್ತವನ್ನು ಕೆಡಿಸುವುದುಂಟು. ಸ್ವಲ್ಪ ಏರುಪೇರಿತ್ತು, ಸರಿಪಡಿಸಿದರು. ಜ್ವರ ಇರಲಿಲ್ಲ. ಊರು ಕೇಳಿದರೆ ಊರು ಹೇಳುತ್ತಿದ್ದರು, ವಾರ ಕೇಳಿದರೆ ವಾರ. ಎಲ್ಲ ಸರಿ, ತಾನು ಸತ್ತಿದ್ದೇನೆ ಅನ್ನುವುದೊಂದು ಬಿಟ್ಟು. ಮನೋವೈದ್ಯರು ಬಂದು ಕೂತು ಮಾತಾಡಿಸಿ, ಇಂಥದ್ದು ಅಪರೂಪಕ್ಕೆ ಬರುತ್ತದೆ, ಔಷಧಿ ಕೆಲಸ ಮಾಡಲು ಸಮಯ ಬೇಕು ಅಂದರು. "ಹೌದು ಅನ್ನಬೇಡಿ, ಇಲ್ಲ ಅಂತ ಜಗಳಾನೂ ಆಡಬೇಡಿ. ಹೇಗಾದ್ರೂ ಮಾಡಿ ನೀರು ಕುಡಿಸಿ," ಅಂತ ನನಗೆ ಬಿಡಿಸಿ ಹೇಳಿದರು. ನೀರು ಹೋಗದಿದ್ದರೆ ಲೋಳೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಕೆಡುತ್ತದೆ. ಹೊಲಿಗೆ ಮಾಯಲು ಅನ್ನ ಬೇಕು. ಕ್ಯಾನ್ಸರ್ ತೆಗೆದದ್ದಾಗಿತ್ತು. ಈಗ ಈ ಮನುಷ್ಯ ತಾನು ಸತ್ತೆನೆಂದು ನಂಬಿಕೊಂಡೇ ಸಾಯುವ ಹಾಗಿದ್ದರು.

ಅವರ ನಂಬಿಕೆ ಅವರ ಮಂಚದಲ್ಲೇ ನಿಲ್ಲಲಿಲ್ಲ. ಪಕ್ಕದ ಮಂಚದಲ್ಲಿ ಹರ್ನಿಯಾ ಆಪರೇಷನ್ ಆಗಿದ್ದ ಸಾಲಗಾಮೆಯವರೊಬ್ಬರು ತಮ್ಮನ್ನು ಬೇರೆ ಕಡೆ ಹಾಕಿ ಎಂದು ಕೈಮುಗಿದರು. ಯಾರೋ ಊದುಬತ್ತಿ ಹಚ್ಚಿ ಕಿಟಕಿಗೆ ಸಿಕ್ಕಿಸಿ ಹೋಗಿದ್ದರು. ವಾರ್ಡೆಲ್ಲ ಸಾವಿನ ಮನೆಯ ವಾಸನೆ. ಕಿತ್ತು ಬಿಸಾಕಿ ಎಲ್ಲರನ್ನೂ ಬೈದೆ. ಆ ಸಂಜೆ ಬಸ್ಸಿನಲ್ಲಿ ಶಾಂತಿಗ್ರಾಮ ದಾಟುವವರೆಗೂ ನನ್ನ ಕೈ ಬೆರಳುಗಳನ್ನೇ ನೋಡುತ್ತ ಕೂತಿದ್ದೆ. ಚನ್ನರಾಯಪಟ್ಟಣದ ನಮ್ಮ ಮನೆಯ ಹೊಸ್ತಿಲು ದಾಟದೆ ಹಿತ್ತಲಿಗೆ ಹೋಗಿ ನೀರು ಸುರಿದುಕೊಂಡೆ. ತಲೆಯ ಮೇಲೆ ಬಿದ್ದ ನೀರು ಕಿವಿಗೆ ಇಳಿದಾಗ ನಾನೇನು ಮಾಡುತ್ತಿದ್ದೇನೆ ಅಂತ ಗೊತ್ತಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಜೊತೆಗೆ ಹೆದರಿಕೆಯೂ ಆಯಿತು.

ಒಂದು ಬೆಳಿಗ್ಗೆ ಡ್ಯೂಟಿಗೆ ಬಂದಾಗ ಯಜಮಾನರ ತಲೆ ಇರಬೇಕಾದ ಕಡೆ ಕಾಲುಗಳಿದ್ದವು. ಜೋಡಿಸಿದ ಹೆಬ್ಬೆರಳುಗಳು ದಿಂಬಿನ ಮೇಲೆ. ಹೆಣದ ತಲೆ ಇಡುವ ದಿಕ್ಕಿಗೆ ಅವರನ್ನು ತಿರುಗಿಸಿ ಮಲಗಿಸಲಾಗಿತ್ತು. ಬ್ಯಾಗಿನ ಕೊಳವೆ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಹೊಟ್ಟೆಯ ಮೇಲಿನ ಬ್ಯಾಗು ಊದಿ ಬಿರಿಯುವ ಹಾಗಿದ್ದರೆ, ಮಂಚದ ಬದಿಗೆ ನೇತು ಹಾಕಿದ ದೊಡ್ಡ ಬ್ಯಾಗಿಗೆ ಒಂದು ತೊಟ್ಟೂ ಬಂದಿರಲಿಲ್ಲ. ಕೊಳವೆ ಬಿಡಿಸಿ ನೇರ ಮಾಡಿದ ಮೇಲೆ ಮೋಡದಂಥ ಮೂತ್ರ, ಅದರ ಹಿಂದೆ ಲೋಳೆಯ ಉಂಡೆ ಇಳಿಯಿತು.

"ಯಾರು ತಿರುಗಿಸಿದ್ದು?" ಎಂದು ಹೆಂಡತಿಯ ಮೇಲೆ ಹಾರಿಬಿದ್ದೆ.

ಆಕೆ ಗೋಡೆ ಹಿಡಿದು ನಿಂತಿದ್ದರು. "ನಾನೇ ಸಿಸ್ಟ್ರೇ. ಕೈ ಮುಗುದ್ರು. ಸತ್ತೋರ್ ಮಾತ್ ಮೀರ್ಬಾರ್ದು ಅಂತಾರಲ್ಲ..."

ಹೇಳಿದ ಮೇಲೆ ತಾನು ಹೇಳಿದ್ದೇನು ಅಂತ ಆಕೆಗೇ ಕೇಳಿಸಿತು. ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತರು.

ಎಲ್ಲರಿಗೂ ಹೊಳೆದ ಉಪಾಯ ಒಂದೇ, ಹೊಸ ಉಡುದಾರ ಕಟ್ಟುವುದು. ಆಕೆಯ ತಮ್ಮ ಹೊಳೆನರಸೀಪುರದಿಂದ ಹೊಸ ಕರಿದಾರ ತಂದ, ದೇವರ ಮುಂದೆ ಇಟ್ಟು ತಂದದ್ದು. ನನ್ನನ್ನು ಕೇಳಿದರೆ ಸ್ಟೋಮಾ ಬಿಟ್ಟು ಮೇಲೆ ಕಟ್ಟಿ ಅನ್ನುತ್ತಿದ್ದೆ. ನಾನು ಔಷಧಿ ತರಲು ಹೋಗಿದ್ದಾಗ ಅವನು ಹಳೆಯ ಗೆರೆಯ ಮೇಲೆಯೇ ಬಿಗಿದು ಗಂಟು ಹಾಕಿದ್ದ. ಯಜಮಾನರು ತಡೆಯಲಿಲ್ಲ. ಕಟ್ಟಿ ಮುಗಿದ ಮೇಲೆ ಭಾಮೈದನ ಮುಖವನ್ನೇ ಕನಿಕರದಿಂದ ನೋಡಿ, "ಎಣಕ್ ಉಡ್ದಾರ ಕಟ್ಬುಟ್ಯಲ್ಲ ಕಣ್ಲಾ. ನಿಂಗ್ ಮಕ್ಳು ಮರಿ ಇಲ್ವಾ?" ಅಂದರು. ಅವನು ಬಿಳಿಚಿಕೊಂಡು ಅವತ್ತೇ ಬಸ್ಸು ಹತ್ತಿದ.

ಮರುದಿನ ದಾರ ಸರಿದು ಬ್ಯಾಗಿನ ಅಂಟಿನ ಕೆಳಗೆ ನುಗ್ಗಿ, ಅಂಚು ಎತ್ತಿ, ಮೂತ್ರ ಸೋರಿ ಚರ್ಮ ಕೆಂಪಾಗಿತ್ತು. ಒದ್ದೆಯಾದ ಗಂಟು ಬಿಚ್ಚಲು ಬರಲಿಲ್ಲ. ಕತ್ತರಿಸಲು ಹೆಂಡತಿಗೆ ಹೇಳಿದೆ, ಮುಟ್ಟಲು ಒಲ್ಲೆ ಅಂದರು. ದಾರ ಬಿಟ್ಟರೆ ಗಾಯಕ್ಕೆ ನಂಜು. ಕತ್ತರಿ ತೆಗೆದುಕೊಂಡೆ. ದಿನಕ್ಕೆ ನೂರು ಸಲ ಹಿಡಿಯುವ ಕತ್ತರಿಯನ್ನು ದಾರದ ಕೆಳಗೆ ತೂರಿಸಿದೆ. ಕಚ್ ಅಂತ ಸದ್ದಾದಾಗ ಯಜಮಾನರು ಉಸಿರು ಬಿಟ್ಟು, "ಈಗ್ ಸರಿಯಾಯ್ತು," ಅಂದರು. ಆಕೆ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಗಾಯದ ಮೇಲೆ ಬರೆ ಎಳೆದವಳು ನಾನೇ ಆದೆ.

ಮೂತ್ರ ದಿನದಿನಕ್ಕೆ ಕಡಿಮೆಯಾಗಿ ಬಣ್ಣ ಗಾಢವಾಯಿತು. ಡ್ರಿಪ್ ಒಂದರಿಂದಲೇ ಎಷ್ಟು ದಿನ ತಳ್ಳುವುದು? ಕಿಡ್ನಿಯ ರಿಪೋರ್ಟು ಸರ್ಜನ್ನರ ಮುಖ ಗಂಟಿಕ್ಕಿಸಿತು. ನಾಳೆಯ ತನಕ ನೋಡೋಣ, ಆಮೇಲೆ ಮೂಗಿನಿಂದ ನಳಿ ಇಳಿಸಿ ಆಹಾರ ಕೊಡೋಣ ಅಂದರು. ಯಜಮಾನರು ಅದನ್ನು ಕಿತ್ತುಹಾಕದೆ ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಕೈ ಕಟ್ಟಬೇಕಾಗುತ್ತದೆ. ಹೆಬ್ಬೆರಳು ಜೋಡಿಸಿಕೊಂಡ ಮನುಷ್ಯನ ಕೈಗಳನ್ನೂ ನಾವು ಕಟ್ಟಿದರೆ ಮುಗಿಯಿತು, ಇನ್ನು ಹೊತ್ತುಕೊಂಡು ಹೋಗುವುದೊಂದು ಬಾಕಿ.

ಮರುದಿನ ಬ್ಯಾಗು ಬದಲಿಸುವ ದಿನ. ಬೆಳಗಿನ ಹೊತ್ತು ಮೂತ್ರ ಕಡಿಮೆ ಬರುವುದರಿಂದ ಆಗಲೇ ಬದಲಿಸುವುದು. ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು, ಗಾಯ ಒರೆಸುವ ಗಾಜ್ ಬಟ್ಟೆ, ಅಳತೆಯ ಕಾಗದ, ಹೊಸ ಬ್ಯಾಗು ಜೋಡಿಸಿಟ್ಟುಕೊಂಡೆ. ಅಷ್ಟು ದಿನ ಬದಲಿಸುವಾಗಲೆಲ್ಲ ಯಜಮಾನರು ಮುಖ ಆಚೆ ತಿರುಗಿಸುತ್ತಿದ್ದರು, ಹೆಂಡತಿ ಹೊರಗೆ ಹೋಗುತ್ತಿದ್ದರು. ಆ ಕೆಂಪು ಗುಬಟನ್ನು ನನ್ನನ್ನು ಬಿಟ್ಟು ಯಾರೂ ನೋಡಿರಲಿಲ್ಲ. ಹಳೆಯ ಬ್ಯಾಗು ಬಿಡಿಸುತ್ತಿದ್ದಾಗ ಅದು ಮೆಲ್ಲಗೆ ಮಿಸುಕಿತು. ಕರುಳಲ್ಲವೇ, ಹೊಟ್ಟೆಯೊಳಗೆ ಮಾಡುತ್ತಿದ್ದುದನ್ನೇ ಹೊರಗೂ ಮಾಡುತ್ತದೆ. ಸಾವಿರ ಸಲ ನೋಡಿದ್ದೆ. ಅವತ್ತು ಮಾತ್ರ ನನ್ನ ಕೈ ನಿಂತಿತು.

ಮುಖ ನೋಡುವ ಕನ್ನಡಿ ತಂದೆ. "ಯಜಮಾನ್ರೇ, ಒಂದು ವಿಷಯ ಕೇಳ್ತೀನಿ. ನಿಮ್ಮಷ್ಟು ಹೆಣ ಮುಟ್ಟಿದೋರು ಈ ಆಸ್ಪತ್ರೇಲಿ ಇಲ್ಲ. ಹೆಣದ ಹೊಟ್ಟೆ ಹೇಗಿರುತ್ತೆ?"

ಅವರ ಕಣ್ಣು ಚಾವಣಿ ಬಿಟ್ಟು ನನ್ನ ಕಡೆ ಬಂತು. ಕಸುಬಿನ ಮಾತು ಕೇಳಿದರೆ ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ. "ಕಲ್ಲಾಗ್ತದೆ ಕಣವ್ವ. ಉಬ್ಬರಿಸ್ಕತದೆ. ಒಳಗ್ ಏನೂ ಅಲ್ಲಾಡಾಕಿಲ್ಲ."

"ಚುಚ್ಚಿದ್ರೆ ರಕ್ತ?"

"ಎಲ್ಲಿ ಬತ್ತದೆ? ಎಪ್ಪುಗಟ್ಟಿರ್ತದೆ."

"ಹಾಗಾದ್ರೆ ಇದನ್ನೊಂದು ನೋಡಿ ಹೇಳಿ," ಎಂದು ಅವರ ಬಲಗೈಗೆ ಗ್ಲೌಸು ತೊಡಿಸಿ, ಕನ್ನಡಿಯನ್ನು ಹೊಟ್ಟೆಯ ಮೇಲೆ ವಾಲಿಸಿ ಹಿಡಿದೆ.

ಇನ್ನೊಬ್ಬರ ದೇಹ ಪರೀಕ್ಷಿಸುವವರ ಹಾಗೆ ಅವರು ನಿಧಾನವಾಗಿ ನೋಡಿದರು. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಅದು ಮೊದಲು ಸುಮ್ಮನಿತ್ತು. ಆಮೇಲೆ ಒಳಗಿನಿಂದ ಒಂದು ಅಲೆ ಬಂದ ಹಾಗೆ ಮುದುಡಿ ಬಿಚ್ಚಿತು. ಎರಡು ನಳಿಗಳೂ ಬಸವನಹುಳದ ಕೊಂಬಿನ ಹಾಗೆ ತಲೆದೂಗಿದವು. ಬಾಗಿಲ ಬಳಿ ನಿಂತಿದ್ದ ಹೆಂಡತಿ "ಅಯ್ಯೋ ಶಿವನೇ" ಅಂದದ್ದು ಕೇಳಿಸಿತು. ಯಜಮಾನರು ಬೆರಳ ತುದಿಯಿಂದ ಮುಟ್ಟಿದರು. ಅದು ಹಿಂದಕ್ಕೆ ಸರಿಯಿತು. ನಾನು ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೋರಿಸಿದೆ. ಬಿಳಿ ಬಟ್ಟೆಯ ಮೇಲೆ ಒಂದು ಚುಕ್ಕೆ ಹಸಿ ರಕ್ತ. ಸ್ಟೋಮಾ ಒರೆಸಿದಾಗ ಇಷ್ಟು ಬರುವುದು ಸಹಜ.

"ಜೀವ ಅದೆ," ಅಂದರು ಕೊನೆಗೆ.

ನಾನು ಗೆದ್ದೆ ಅಂದುಕೊಂಡೆ. "ನೋಡಿ! ನಾನು ಹೇಳ್ಲಿಲ್ವಾ?"

"ಇದ್ಕೆ ಜೀವ ಅದೆ ಕಣವ್ವ. ನಂಗಿಲ್ಲ." ಕನ್ನಡಿಯಿಂದ ಕಣ್ಣು ತೆಗೆಯದೆ, ಗುಟ್ಟು ಹೇಳುವ ದನಿಯಲ್ಲಿ ಅಂದರು. "ಖಾಲಿ ಮನೆ ಅಂತ ಯಾರೋ ಬಂದ್ ಕುಂತವ್ರೆ. ನೀವೇ ಏಳಿದ್ರಲ್ಲ ಬಾಯಿ ಮಾಡ್ತಾರೆ ಅಂತ. ನೋಡಿ, ಎಂಗ್ ಬಾಯ್ ಬಾಯ್ ಬುಡ್ತಾ ಅವ್ನೆ. ಅಸಿದವ್ನೆ."

ಅದು ನಿಜವಾಗಿಯೂ ತೆರೆಯುತ್ತ ಮುಚ್ಚುತ್ತ ಇತ್ತು. ಒಂದು ಗಳಿಗೆ, ಸುಳ್ಳು ಯಾಕೆ ಹೇಳಲಿ, ನನಗೂ ಅದು ಹಾಗೇ ಕಂಡಿತು.

"ಇವ್ನಿಗ್ ಏನ್ ಆಕ್ತೀರಿ ತಿನ್ನಾಕೆ?" ಎಂದು ಕೇಳಿದರು ಯಜಮಾನರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನಲ್ಲ. ರೋಗಿ ಹೇಳಿದ್ದಕ್ಕೆಲ್ಲ ಹೂಂ ಅಂದರೆ ಆಮೇಲೆ ನಮ್ಮ ತಲೆಗೇ ಬರುತ್ತದೆ. ಆದರೆ ಎಷ್ಟೋ ದಿನದ ಮೇಲೆ ಈ ಮನುಷ್ಯನ ಬಾಯಿಂದ ತಿನ್ನುವ ಮಾತು ಬಂದಿತ್ತು. ಹೌದು ಅನ್ನಬೇಡಿ, ಇಲ್ಲ ಅನ್ನಬೇಡಿ ಅಂದಿದ್ದರಲ್ಲ ಮನೋವೈದ್ಯರು. ಸುಳ್ಳಲ್ಲದ ಒಂದು ಮಾತು ಹುಡುಕಿದೆ.

"ಅದಕ್ಕೆ ಬೇರೆ ದಾರಿ ಇಲ್ಲ ಯಜಮಾನ್ರೇ. ನೀವು ಈ ಬಾಯಲ್ಲಿ ಕುಡಿದ್ರೆ ಮಾತ್ರ ಅಲ್ಲಿಗೆ ಹೋಗೋದು. ನೀವು ಕುಡೀದೆ ಇದ್ರೆ ಅದು ಒಣಗುತ್ತೆ."

ಅವರು ಯೋಚಿಸಿದರು. ನಾನು ಲೋಟ ಹಿಡಿದೆ. ಒಂದು ಗುಟುಕು ನುಂಗಿ, ಕನ್ನಡಿಯಲ್ಲಿ ನೋಡಿ, ಮತ್ತೊಂದು ಗುಟುಕು ನುಂಗಿದರು. "ಕುಡಿ ಮಗ, ಕುಡಿ," ಅಂದರು. ನನಗೆ ಹೇಳಿದ್ದಲ್ಲ ಅದು.

ಸರ್ಜನ್ನರಿಗೂ ಮನೋವೈದ್ಯರಿಗೂ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಔಷಧಿ ನಡೆಯಲಿ, ಊಟವೂ ನಡೆಯಲಿ ಅಂದರು. ಮಧ್ಯಾಹ್ನ ಗಂಜಿ ಹೋಯಿತು, ಸಂಜೆ ಎಳನೀರು. ಬ್ಯಾಗಿನಲ್ಲಿ ಮೂತ್ರ ತಿಳಿಯಾದದ್ದನ್ನು ನೋಡಿ ಯಜಮಾನರು ಮೊದಲ ಸಲ ನಕ್ಕರು. ಕೆಲವು ದಿನಗಳಲ್ಲಿ ನಳಿಗಳನ್ನು ತೆಗೆದೆವು. ಬ್ಯಾಗು ಬದಲಿಸುವುದನ್ನು ಕಲಿಸಲು ಹೊರಟರೆ ಅವರೇ ನನ್ನಿಂದ ಕಿತ್ತುಕೊಂಡು ಮಾಡಿದರು. ಗಾಜ್ ಬಟ್ಟೆಯನ್ನು ಬತ್ತಿ ಹೊಸೆದು ತೂತಿಗೆ ಹಿಡಿದು ಚರ್ಮ ಒಣಗಿಸುವುದು, ಅಳೆದು ದುಂಡಗೆ ಕತ್ತರಿಸುವುದು, ಅಂಟಿಸಿ ಅಂಗೈ ಶಾಖ ಕೊಡುವುದು ಎಲ್ಲ ಅಚ್ಚುಕಟ್ಟು. ಟೈರಿಗೆ ಪಟ್ಟಿ ಕೂರಿಸಿದ ಕೈ ತಾನೇ. ಆದರೆ ಬಾಯಿ ಬಿಟ್ಟರೆ "ಅವ್ನು". ಅವನಿಗೆ ದಾಹ, ಅವನು ಮಲಗಿದ, ಅವನಿಗೆ ಮುದ್ದೆ ಆಗುವುದಿಲ್ಲ. ತನ್ನ ಬಗ್ಗೆ ಒಂದು ಮಾತೂ ಇಲ್ಲ. ಹೆಬ್ಬೆರಳುಗಳು ಇನ್ನೂ ಜೋಡಿಯಾಗಿಯೇ ಇರುತ್ತಿದ್ದವು.

ಡಿಸ್ಚಾರ್ಜಿನ ದಿನ ಹೆಂಡತಿ ನನ್ನನ್ನು ಮೂಲೆಗೆ ಕರೆದರು. "ಸಿಸ್ಟ್ರೇ, ನೀವು ಓದ್ದೋರು. ಒಂದ್ ಮಾತ್ ಏಳಿ. ಇವ್ರು ತಾನಿಲ್ಲ ಅಂತಾರೆ. ಉಣ್ಣೋದು ಯಾರಿಗೋ, ಮಲ್ಗೋದು ಯಾರಿಗೋ. ನಾನ್ ಯಾರ್ನ ಮನೆಗ್ ಕರ್ಕೊಂಡ್ ಓಯ್ತಾ ಇದೀನಿ? ಕುಂಕುಮ ಇಟ್ಕಳ್ಲೋ ಬ್ಯಾಡ್ವೋ?"

"ಇಟ್ಕೊಳ್ಳಿ ಅಮ್ಮ, ದೊಡ್ಡದಾಗೇ ಇಟ್ಕೊಳ್ಳಿ," ಅಂದೆ. ಆಟೋ ಹತ್ತುವಾಗ ಯಜಮಾನರು ಹೊಟ್ಟೆಯ ಮೇಲೆ ಅಂಗೈ ಮುಚ್ಚಿಕೊಂಡು, "ಗಾಳಿ ಬಡೀತದೆ ಅವ್ನಿಗೆ," ಅಂದರು. ಆಕೆ ನನ್ನ ಕಡೆ ತಿರುಗಿ ನೋಡಿದ ಆ ನೋಟವನ್ನು ನಾನು ಮನೆಗೂ ಹೊತ್ತುಕೊಂಡು ಹೋದೆ.

ಆಮೇಲೆ 'ಓಪಿಡಿ'ಗೆ ಬರುತ್ತಲೇ ಇದ್ದರು, ಅರಕಲಗೂಡು ಬಸ್ಸಿನಲ್ಲಿ, ಇಬ್ಬರೂ. ಗಾಯ ಮಾಯಿತು. ಕಿಡ್ನಿ ಸುಧಾರಿಸಿತು. ಸ್ಟೋಮಾದ ಊತ ಇಳಿದು ಸಣ್ಣದಾಯಿತು. ಮನೋವೈದ್ಯರ ಮಾತ್ರೆಗಳನ್ನು ಆಕೆ ಒಂದು ದಿನವೂ ತಪ್ಪಿಸಲಿಲ್ಲ. "ಹೇಗಿದೀರಿ ಯಜಮಾನ್ರೇ?" ಎಂದರೆ "ಚೆನ್ನಾಗವ್ನೆ ಕಣವ್ವ" ಅನ್ನುವ ಉತ್ತರ. ಆಕೆಯ ಹಣೆಯ ಕುಂಕುಮ ದೊಡ್ಡದಾಗಿಯೇ ಇರುತ್ತಿತ್ತು. ಆದರೆ ಬೆಂಚಿನ ಮೇಲೆ ಅವರ ಪಕ್ಕ ಕೂರುವಾಗ ನಡುವೆ ಒಂದು ಚೀಲ ಇಡುತ್ತಿದ್ದರು. ಹೊಸಬರ ಪಕ್ಕ ಕೂತ ಹಾಗೆ.

ಬೇಸಿಗೆಯ ಒಂದು ದಿನ ಬಂದಾಗ ಬೆವರಿಗೆ ಬ್ಯಾಗಿನ ಅಂಚು ಎದ್ದಿತ್ತು. ಕೆಳಗೆ ಚರ್ಮ ಹಸಿ ಹಸಿಯಾಗಿ ಬೆಂದಿತ್ತು. ಓಪಿಡಿಯಲ್ಲಿ ಜನ ಕಿಕ್ಕಿರಿದಿದ್ದರು, ನನಗೆ ಅವಸರ. ಸ್ಟೋಮಾಕ್ಕೆ ನೋವಿನ ನರವಿಲ್ಲ, ಹಿಂಡಿದರೂ ಗೊತ್ತಾಗದು. ಸುತ್ತಲಿನ ಚರ್ಮಕ್ಕೆ ಹಾಗಲ್ಲ. ಒದ್ದೆ ಬಟ್ಟೆಯಿಂದ ಒತ್ತಿ ಮೆಲ್ಲಗೆ ಬಿಡಿಸಬೇಕಾದ ಅಂಟನ್ನು ಸರ್ರನೆ ಎಳೆದುಬಿಟ್ಟೆ.

"ಅಯ್ಯಯ್ಯಪ್ಪಾ!" ಯಜಮಾನರು ಮಂಚದಿಂದ ಅರ್ಧ ಎದ್ದರು. ಕಾಲು ಝಾಡಿಸಿದರು, ಹೆಬ್ಬೆರಳೊಂದು ನನ್ನ ಟ್ರೇಗೆ ತಗುಲಿ ಬಟ್ಟಲು ಉರುಳಿತು. "ನಿಧಾನ ಮಾಡಮ್ಮೀ! ಕಣ್ ಕಾಣಾಕಿಲ್ವಾ ನಿಂಗೆ? ನಂಗೆ ಉರೀತದೆ! ನನ್ ಚರ್ಮ ಅದು, ಟೈರಲ್ಲ!"

ನನ್ನ ಕೈಯಲ್ಲಿ ಹಳೆಯ ಬ್ಯಾಗು ಹಾಗೇ ಇತ್ತು. ನಂಗೆ ಅಂದರು. ನನ್ ಚರ್ಮ ಅಂದರು. ಪರದೆಯ ಹತ್ತಿರ ನಿಂತಿದ್ದ ಹೆಂಡತಿಗೂ ಅದು ಕೇಳಿಸಿತ್ತು. ಆಕೆ ಬಂದು ಮಂಚದ ಅಂಚಿನಲ್ಲಿ ಅವರಿಗೆ ಒತ್ತಿಕೊಂಡೇ ಕೂತು, ಅವರ ತೋಳು ಹಿಡಿದುಕೊಂಡು ಜೋರಾಗಿ ಅಳತೊಡಗಿದರು. ಹೊರಗಿನ ಸಾಲಿನಲ್ಲಿದ್ದವರು ಪರದೆ ಸರಿಸಿ ಇಣುಕಿದರು.

ಯಜಮಾನರು ಹೆಂಡತಿಯ ಮುಖ ನೋಡಿ ರೇಗಿದರು. "ಏ, ಯಾಕಿಂಗ್ ಬಾಯ್ ಬಡ್ಕತಿದ್ದೀಯೆ? ಯಾರ್ ಸತ್ತೋದ್ರು ಈಗ?"

"ಯಾರೂ ಇಲ್ಲ," ಅಂದರು ಆಕೆ, ಮೂಗು ಒರೆಸಿಕೊಳ್ಳುತ್ತ. "ಯಾರೂ ಇಲ್ಲ ಬುಡಿ."